ಕೇಳಿ ಕಾಲಿಟ್ಟವನು

ಕಬ್ಬಿಣ ಅಗೆದು ಹೊಟ್ಟೆ ಹೊರೆಯುವವರಲ್ಲಿ ಒಂದು ಮಾತಿದೆ. ತೋಟದವನು ಮುಖ ಸಿಂಡರಿಸಿ, ನಾಲ್ಕಾರು ಸಲ ಅಲೆಸಿ, ಕೊನೆಗೆ ಗೊಣಗುತ್ತ ಒಪ್ಪಿದರೆ ನಿಶ್ಚಿಂತೆಯಿಂದ ಮಷೀನು ಹೊತ್ತುಕೊಂಡು ಹೋಗು. ಅದೇ ಅವನು ತಾನಾಗಿ ಕರೆದು, ನಗುನಗುತ್ತ ಚಹಾ ಬಗ್ಗಿಸಿಕೊಟ್ಟು, ನಮ್ಮ ತೋಟವನ್ನೂ ಒಂದಿಷ್ಟು ನೋಡಪ್ಪ ಅಂದರೆ ಎದ್ದು ಓಡು. ಒಳ್ಳೆಯ ನೆಲವನ್ನು ಯಾರೂ ಪುಕ್ಕಟೆಯಾಗಿ ತುಳಿಯಲು ಬಿಡುವುದಿಲ್ಲ. ಬಿಟ್ಟನೆಂದರೆ ಆ ನೆಲಕ್ಕೆ ಗುದ್ದಲಿ ಹಾಕಲು ಅವನಿಗೇ ಭಯ. ಅವನ ಕಾಲಿನ ಬದಲು ನಿನ್ನ ಕಾಲು, ಅಷ್ಟೇ ಲೆಕ್ಕ.

ಈ ಮಾತು ಖಾಮನಿಗೆ ಗೊತ್ತಿತ್ತು. ಅವನ ಅಣ್ಣ ದ್ವಾಯನಿಗೂ ಗೊತ್ತಿತ್ತು. ಗೊತ್ತಿದ್ದೂ ದ್ವಾಯ್ ಸತ್ತ.

ಒಂದು ಕಾಲಕ್ಕೆ ದೇಶವನ್ನೇ ಎರಡು ಮಾಡಿದ್ದ ಬೆನ್ ಹಾಯ್ ನದಿಯ ತೆಂಕಣ ದಂಡೆಯ ಕೆಮ್ಮಣ್ಣಿನ ದಿಬ್ಬಗಳಲ್ಲಿ, ಯುದ್ಧ ಮುಗಿದಾಗ ತೊಟ್ಟಿಲಲ್ಲಿದ್ದ ಕೂಸುಗಳು ಈಗ ಮೀಸೆ ತೀಡುತ್ತಿದ್ದವು. ಮುಗಿದದ್ದು ನೆಲದ ಮೇಲೆ ಮಾತ್ರ. ಗೇಣು ಅಗೆದರೆ ಶೆಲ್ಲಿನ ಚೂರು, ಮೊಳ ಅಗೆದರೆ ಬಾಂಬಿನ ಬಾಲ. ಓದು ತಲೆಗೆ ಹತ್ತದ, ಗದ್ದೆ ಪಾಲಿಗೆ ಬಾರದ ಹುಡುಗರು ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ ಮಷೀನನ್ನು ನೆಲದ ಮೇಲೆ ಆಡಿಸುತ್ತ, ಕಿವಿಯಲ್ಲಿ ಕಿರ್ರೆಂದ ಕಡೆ ಅಗೆದು, ಸಿಕ್ಕ ಕಬ್ಬಿಣವನ್ನು ಗುಜರಿಗೆ ಹಾಕಿ ಅಕ್ಕಿ ತರುತ್ತಿದ್ದರು. ದ್ವಾಯ್ ಆ ಕೆಲಸಕ್ಕೆ ಇಳಿದಾಗ ಖಾಮ್ ಐದನೆಯ ತರಗತಿ ಬಿಟ್ಟು ಅವನ ಬೆನ್ನು ಹತ್ತಿದ್ದ.

ಇನ್ನೊಬ್ಬರ ನೆಲಕ್ಕೆ ಇಳಿಯಲು ಕ್ರಮವೊಂದಿತ್ತು. ಸುಣ್ಣ ಹಚ್ಚಿ ಮಡಿಸಿದ ವೀಳ್ಯವನ್ನು ತೋಟದವನ ಮುಂದಿಟ್ಟು ಆಮೇಲೆ ಬಾಯಿ ತೆರೆಯಬೇಕು. ಅವನು ಎತ್ತಿ ಬಾಯಿಗೆ ಹಾಕಿಕೊಂಡರೆ ಅಪ್ಪಣೆ. ಮುಟ್ಟದೆ ಬಿಟ್ಟರೆ ಇಲ್ಲ. ಸಾಕ್ಷಿಯಿಲ್ಲ, ಸಹಿಯಿಲ್ಲ. ಅಗಿದು ಉಗಿದ ಮೇಲೆ ಆ ಅಪ್ಪಣೆಯನ್ನು ಯಾವ ಮಣ್ಣಿನಲ್ಲಿ ಹುಡುಕುವುದು? ಅಪ್ಪಣೆ ಸಿಕ್ಕಮೇಲೆ ತೋಟದ ಮೂಲೆಯಲ್ಲಿ ಮೂರು ಊದುಕಡ್ಡಿ ಹಚ್ಚಿ ನೆಲದ ದೇವರಿಗೂ ಹೇಳಿಕೊಳ್ಳಬೇಕು, ತೋಡಿದ ಗುಂಡಿಯನ್ನೆಲ್ಲ ಮುಚ್ಚಿ ತುಳಿಯಬೇಕು. ಆದರೆ ಈ ಹೊತ್ತು ಯಾರ ತೋಟಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಮಾತ್ರ ಹೇಳುವಂತಿಲ್ಲ. ಹೇಳಿ ಹೊರಟರೆ ಸಾವು ಬಾಗಿಲ ಸಂದಿಯಲ್ಲಿ ನಿಂತು ದಾರಿ ಕೇಳಿಕೊಳ್ಳುತ್ತದಂತೆ. ಕೇಳಿ ಬಂದವನು ಅಗೆಯುವವನು, ಕೇಳದೆ ಬಂದವನು ಕಳ್ಳ. ನಡುವೆ ಮೂರನೆಯ ಜಾತಿಯಿಲ್ಲ.

ಹೋದ ಬೇಸಿಗೆಯಲ್ಲಿ, ಲಾವೋಸಿನ ಕಡೆಯಿಂದ ಬೀಸುವ ಒಣಗಾಳಿ ಎಲೆಗಳನ್ನು ಹಪ್ಪಳ ಮಾಡುತ್ತಿದ್ದ ತಿಂಗಳಲ್ಲಿ, ದ್ವಾಯ್ ಕ್ವಿನ್ ಎಂಬವನ ತೋಟದಲ್ಲಿ ಹೂತುಹೋಗಿದ್ದ ಬಾಂಬು ಸಿಡಿದು ಸತ್ತ. ಖಾಮ್ ಆಗ ಗಡಿಯಲ್ಲಿ ಮರದ ದಿಮ್ಮಿ ಹೊರುತ್ತಿದ್ದ. ಸುದ್ದಿ ತಲುಪಿ ಅವನು ಬರುವಷ್ಟರಲ್ಲಿ ಅಣ್ಣ ಮಣ್ಣಾಗಿದ್ದ. ಸಿಕ್ಕಷ್ಟನ್ನು ಚಾಪೆಯಲ್ಲಿ ಸುತ್ತಿ ಮಣ್ಣು ಮಾಡಿದ್ದರು. ಬಲಗೈ, ಮೊಣಕೈಯಿಂದ ಕೆಳಗೆ, ಸಿಕ್ಕಿರಲಿಲ್ಲ. ಆ ಕೈಯಲ್ಲಿ ಒಂದು ಬೆಳ್ಳಿ ಕಡಗವಿತ್ತು, ಕೆಟ್ಟಗಾಳಿ ಸೋಕದಿರಲೆಂದು ಅವ್ವ ತೊಡಿಸಿದ್ದು.

ಕೈಗಿಂತ ದೊಡ್ಡದೊಂದು ಹೋಗಿತ್ತು. ತನ್ನ ನೆಲದಲ್ಲಿ ಅಗೆಯಲು ಬಿಟ್ಟು ಸಾವಾದರೆ ತೋಟದವನೇ ಹೊಣೆ ಎಂದು ಮೇಲಿನವರು ಆ ವರ್ಷ ಸಾರಿದ್ದರು. ವಿಚಾರಣೆಗೆ ಬಂದವರ ಮುಂದೆ ಕ್ವಿನ್ ಎದೆ ಮುಟ್ಟಿಕೊಂಡು, ನನ್ನನ್ನು ಯಾರೂ ಕೇಳಲಿಲ್ಲ, ಅವನು ಬಂದದ್ದೇ ನನಗೆ ಗೊತ್ತಿಲ್ಲ, ಬೇಲಿ ನುಸುಳಿ ಬಂದಿದ್ದಾನೆ ಅಂದ. ಬಂದವರು ಕೇಳಿಕೊಂಡು ಹೋದರು. ದ್ವಾಯ್ ಕಳ್ಳನಾದ. ಸತ್ತವನು ಎದ್ದು ಬಂದು ಅಲ್ಲ ಅನ್ನುತ್ತಾನೆಯೇ? ಊರಿನ ಅರ್ಧ ಜನ ಕ್ವಿನ್ನನ ಮೆಣಸಿನ ತೋಟಗಳಲ್ಲಿ ಕೂಲಿಗೆ ಹೋಗುವವರು. ಅವರ ಬಾಯಲ್ಲಿ ಅವನ ಅನ್ನವಿತ್ತು. ಅನ್ನವಿದ್ದ ಬಾಯಿ ಮಾತಾಡುವುದಿಲ್ಲ.

ಅವ್ವ ಒಬ್ಬಳೇ ನಂಬಲಿಲ್ಲ. ದಿನಾ ಬೆಳಿಗ್ಗೆ ದ್ವಾಯನ ಅಂಗಿಯ ಜೇಬಿಗೆ ವೀಳ್ಯ ಮಡಿಸಿಟ್ಟವಳು ಅವಳೇ. ಆದರೆ ವರುಷ ತುಂಬುತ್ತ ಬಂದ ಹಾಗೆ ಅವಳ ಚಿಂತೆ ಹೆಸರಿನಿಂದ ಕೈಗೆ ತಿರುಗಿತು. ಮಗ ಕನಸಿನಲ್ಲಿ ಬಂದು ಅನ್ನದ ಬಟ್ಟಲನ್ನು ಎಡಗೈಲಿ ಹಿಡಿದುಕೊಂಡು ಸುಮ್ಮನೆ ಕೂರುತ್ತಾನಂತೆ. ಅನ್ನ ಎತ್ತುವ ಜೋಡಿ ಕಡ್ಡಿ ಹಿಡಿಯಲು ಬಲಗೈ ಇಲ್ಲ. ಸತ್ತವರ ಪೀಠದ ಮೇಲೆ ಎಡೆ ಇಡುವಾಗ ಅವಳು ಕಡ್ಡಿ ಬಿಟ್ಟು ಚಮಚ ಇಡತೊಡಗಿದಳು. ನೆರೆಯವಳೊಬ್ಬಳು ಅದನ್ನು ಕಂಡು ನಕ್ಕಳು. ಖಾಮ್ ಆ ನೆರೆಯವಳ ಕೋಳಿಗೆ ಕಲ್ಲು ಬೀರಿದ. ಅಷ್ಟು ಬಿಟ್ಟು ಅವನಿಗೆ ಬೇರೇನೂ ಮಾಡಲು ತೋಚಲಿಲ್ಲ.

"ವರ್ಷದ ಎಡೆಗೆ ಅವನು ಕೈ ತುಂಬಾ ಉಣ್ಬೇಕು ಕಣೋ ಮಗ," ಅಂದಳು ಅವ್ವ ಒಂದು ದಿನ. "ಕಡಗ ಬೆಳ್ಳೀದು. ಮಷೀನಿಗೆ ಕೇಳಿಸ್ತದೆ ಅಲ್ವಾ? ಹೋಗು, ಕೇಳು ಆ ಮನುಷ್ಯನ್ನ."

ಹಾಗಾಗಿ ಖಾಮ್ ಅಣ್ಣನನ್ನು ಕೊಂದ ತೋಟದ ಬಾಗಿಲಿಗೆ ವೀಳ್ಯ ಹಿಡಿದು ಹೋದ. ಮೊದಲ ಸಲ ಕ್ವಿನ್ ಮನೆಯೊಳಗಿದ್ದೂ ಇಲ್ಲ ಎಂದು ಹೇಳಿಸಿದ. ಎರಡನೆಯ ಸಲ, ಹೊಟ್ಟೆ ನೋವು, ನಾಳೆ ಬಾ ಅಂದ. ಮೂರನೆಯ ಸಲ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಐವತ್ತು ದಾಟಿದ, ದುಂಡುಮುಖದ, ಯಾರನ್ನು ಕಂಡರೂ ನಗುವ ಮನುಷ್ಯ. ಖಾಮನಿಗೆ ಆ ನಗುವಿನ ಮೇಲೇ ಸಿಟ್ಟು.

"ಏನಪ್ಪಾ ಖಾಮ, ನಮ್ಮ ನಾಯಿ ನಿನ್ನ ಕಂಡು ಬೊಗಳೋದೇ ಬಿಟ್ಬಿಡ್ತು. ನೆಂಟ ಅಂದ್ಕೊಂಡೈತೆ," ಅಂದ ಕ್ವಿನ್.

ಖಾಮ್ ವೀಳ್ಯವನ್ನು ಬಿದಿರಿನ ಮಣೆಯ ಮೇಲಿಟ್ಟ. ಬೇಕಾದದ್ದು ಕಬ್ಬಿಣವಲ್ಲ, ಒಂದು ಚೂರೂ ಒಯ್ಯುವುದಿಲ್ಲ, ಅಣ್ಣನ ಕಡಗ ಸಿಕ್ಕರೆ ಅದರ ಜೊತೆ ಇದ್ದದ್ದನ್ನು ಎತ್ತಿಕೊಂಡು ಹೋಗುತ್ತೇನೆ, ಗುಂಡಿ ಮುಚ್ಚುತ್ತೇನೆ, ಮೆಣಸಿನ ಬಳ್ಳಿ ಮುಟ್ಟುವುದಿಲ್ಲ ಎಂದು, ದಾರಿಯುದ್ದಕ್ಕೂ ಉರು ಹೊಡೆದದ್ದನ್ನೆಲ್ಲ ಒಪ್ಪಿಸಿದ.

"ಕೈ ಏನು ಗೆಣಸೇನಪ್ಪಾ, ಅಗೆದ್ರೆ ಸಿಗಕ್ಕೆ?" ಅಂದ ಕ್ವಿನ್. ಅಂದ ಮೇಲೆ ತಾನೇ ಮುಖ ತಗ್ಗಿಸಿದ.

ಚಹಾ ತಂದ ಅವನ ಹೆಂಡತಿ ಥೀ ಲೋಟ ಇಟ್ಟು ಹೋಗದೆ ಅಲ್ಲೇ ನಿಂತಳು. ಕೊಟ್ಟುಬಿಡಿ, ತಾಯಿ ಸಂಕಟ ಅದು, ನಮ್ಮ ಮನೆಗೆ ತಟ್ಟುವುದು ಬೇಡ ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು. ಕ್ವಿನ್ ಸ್ವಲ್ಪ ಹೊತ್ತು ಬಿದಿರು ಸೀಳಿದ. ಆಮೇಲೆ ಕತ್ತಿ ಕೆಳಗಿಟ್ಟ.

"ನೋಡು ಮಗ, ನಿಂಗೆ ಬಿಟ್ರೆ ಊರು ಏನಂತದೆ? ತಮ್ಮಂಗೆ ಬಿಟ್ಟೋನು ಅಣ್ಣಂಗೂ ಬಿಟ್ಟಿರ್ತಾನೆ ಅಂತದೆ. ಮೇಲಿನೋರ ಕಿವಿಗೆ ಬಿದ್ರೆ ಮತ್ತೆ ನನ್ನ ಕರೀತಾರೆ. ಅದಕ್ಕೆ ಮೊದ್ಲು ಆ ಮಾತು ಮುಗೀಲಿ. ನಾಳೆ ಬೆಳಿಗ್ಗೆ ಲಿಯೆಮ್ ಮನೇಲಿ ನಾಲ್ಕು ಹಿರೀಕರ ಮುಂದೆ, ನಮ್ಮಣ್ಣ ಕೇಳದೆ ಹೋಗಿದ್ದ ಅಂತ ನೀನೇ ನಿನ್ ಬಾಯಲ್ಲಿ ಹೇಳು. ಸಂಜೆ ಅವನು ಅದನ್ನ ಮೈಕಲ್ಲಿ ಹೇಳ್ತಾನೆ. ಬೆಳಿಗ್ಗೆ ನೀನು ಹೇಳಿದ ಗಳಿಗೆಯಿಂದ ಹೊತ್ತು ಮುಳುಗೋ ತನಕ ತೋಟ ನಿಂದು."

ಖಾಮ್ ಕತ್ತಿಯ ಕಡೆ ನೋಡಿದ. ಅದು ಕ್ವಿನ್ನನ ಕೈಗಿಂತ ತನ್ನ ಕೈಗೇ ಹತ್ತಿರವಿತ್ತು. ಅಷ್ಟೇ. ನೋಡಿದ, ಎದ್ದ. ಹಿಂದಿನಿಂದ ಕ್ವಿನ್ ವೀಳ್ಯವನ್ನು ಎತ್ತಿ ಅವನ ಕೈಗೇ ವಾಪಸು ಕೊಟ್ಟ, ನಾಳೆ ತಗೋತೀನಿ ಎಂದು.

ಮನೆಗೆ ಬಂದಾಗ ಅವ್ವ ಒಪ್ಪಿದನೇ ಎಂದು ಕೇಳಿದಳು. ಒಪ್ಪಿದ, ಅಂದ ಖಾಮ್. ಯಾವುದಕ್ಕೆ ಒಪ್ಪಿದ, ಯಾರು ಒಪ್ಪಬೇಕು ಎಂಬುದನ್ನು ಹೇಳಲಿಲ್ಲ. ಅವಳ ಮುಖ ಒಂದು ವರ್ಷದಲ್ಲಿ ಮೊದಲ ಸಲ ಸಡಿಲಾಯಿತು. ಆ ಮುಖ ಕಂಡ ಮೇಲೆ ಅವನು ಇಲ್ಲ ಅನ್ನುವಂತಿರಲಿಲ್ಲ. ಹೆಸರು ಹೇಗೂ ಹೋಗಿದೆ, ಹೋದದ್ದನ್ನು ಇನ್ನೊಂದು ಸಲ ಹೋಗಲಿ ಅಂದರೆ ಏನು ಕಳಕೊಂಡೆ ಎಂದು ತನಗೆ ತಾನೇ ಹೇಳಿಕೊಂಡ. 

ಲಿಯೆಮ್ ಊರಿನ ಮುಖಂಡ. ಅವನ ಮನೆಯ ಪಕ್ಕದ ಕಂಬದ ಮೇಲೆ ಮೈಕಿನ ಎರಡು ತುತ್ತೂರಿಗಳಿದ್ದವು. ಸಂಜೆ ದನ ಮನೆಗೆ ತಿರುಗುವ ಹೊತ್ತಿಗೆ ಊರಿನ ಸುದ್ದಿಯೆಲ್ಲ ಅವುಗಳ ಬಾಯಿಂದ ಹೊಲಗದ್ದೆಗಳ ಮೇಲೆ ಹರಿಯುತ್ತಿತ್ತು. ಮರುದಿನ ಬೆಳಿಗ್ಗೆ ಅಲ್ಲಿ ಮುದುಕರು ಚಹಾ ಹೀರುತ್ತ ಕೂತಿದ್ದರು. ಕ್ವಿನ್ ಒಂದು ಮೂಲೆಯಲ್ಲಿದ್ದ. ಲಿಯೆಮ್ ಕೆಟ್ಟವನಲ್ಲ, ಯಾವುದೂ ದೊಡ್ಡದಾಗಬಾರದು ಎಂಬ ಜಾತಿಯವನು. ನಾಚಿಕೊಳ್ಳಬೇಡ, ನಮ್ಮೂರಲ್ಲಿ ಹಂದಿ ತಪ್ಪಿಸಿಕೊಂಡರೂ ಮೈಕಿನಲ್ಲೇ ಹೇಳುವುದು, ನಾಳೆಗೆ ಎಲ್ಲರೂ ಮರೆಯುತ್ತಾರೆ ಎಂದು ಸಮಾಧಾನ ಮಾಡಿದ.

"ನಮ್ಮಣ್ಣ ಕೇಳದೆ ಹೋಗಿದ್ದ," ಅಂದ ಖಾಮ್ ತನ್ನ ಕಾಲಿನ ಹೆಬ್ಬೆರಳು ನೋಡುತ್ತ.

"ಸ್ವಲ್ಪ ಜೋರಾಗಿ ಹೇಳಪ್ಪಾ. ಈ ತಾತಂಗೆ ಕಿವಿ ಮಂದ," ಅಂದ ಲಿಯೆಮ್.

ಖಾಮ್ ಇನ್ನೊಮ್ಮೆ ಜೋರಾಗಿ ಹೇಳಿದ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಸುಲಭವಾಯಿತು. ಅದಕ್ಕಾಗಿ ಅವನು ತನ್ನನ್ನೇ ಶಪಿಸಿಕೊಂಡ. ಕಿವಿ ಮಂದದ ತಾತ ತಲೆಯಾಡಿಸಿದ. ಕ್ವಿನ್ ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡ.

ದ್ವಾಯನ ಮಷೀನು ಅವನ ಜೊತೆಗೇ ಛಿದ್ರವಾಗಿತ್ತು. ಪಕ್ಕದೂರಿನ ಗೆಳೆಯನಿಂದ ಎರವಲು ತಂದ ಮಷೀನು ಹೆಗಲಿಗೇರಿಸಿ, ಖಾಮ್ ಕ್ವಿನ್ನನ ತೋಟದ ಮುಳ್ಳುಬೇಲಿ ದಾಟಿದ. ಮೂಲೆಯಲ್ಲಿ ಊದುಕಡ್ಡಿ ಹಚ್ಚಿದ. ತೋಟ ಇಳಿಜಾರಿನಲ್ಲಿತ್ತು, ಮನೆಯ ಹಿಂದೆ, ದಾರಿಹೋಕರಿಗೆ ಕಾಣದ ಕಡೆ. ಕೆಳಗಿನ ಅರ್ಧದಲ್ಲಿ ಕ್ವಿನ್ ಕಂಬಗಳನ್ನು ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಿದ್ದ. ಬಳ್ಳಿ ಎದೆಮಟ್ಟ ಬಂದಿತ್ತು. ಮೇಲಿನ ಅರ್ಧ ಬರೀ ಹುಲ್ಲು, ಕುರುಚಲು. ಕಂಬ ಸಾಲದೆ ಬಂದಿರಬೇಕು ಎಂದುಕೊಂಡ. ನಡುವೆ, ಬಳ್ಳಿ ಮುಗಿದು ಹುಲ್ಲು ತೊಡಗುವಲ್ಲಿ, ನೆಲ ಬೋಗುಣಿಯಂತೆ ಕುಸಿದಿತ್ತು. ಮಳೆಗಾಲದ ಮಣ್ಣು ತುಂಬಿ ಗುಂಡಿ ಅರ್ಧ ಮುಚ್ಚಿತ್ತು. ಅದರ ಅಂಚಿನಲ್ಲಿ ಖಾಮ್ ಸ್ವಲ್ಪ ಹೊತ್ತು ಕುಕ್ಕುರುಗಾಲಲ್ಲಿ ಕೂತ. ಅಳು ಬರಲಿಲ್ಲ. ಬಂದದ್ದು ಸಿಟ್ಟು, ಅವನಿಗೆ ಯಾವಾಗಲೂ ಮೊದಲು ಬರುವುದು ಅದೇ.

ಸಿಡಿದದ್ದು ಸುತ್ತ ಚೆಲ್ಲಿರುತ್ತದೆ ಎಂಬ ಲೆಕ್ಕದಲ್ಲಿ ಗುಂಡಿಯಿಂದ ಹೊರಕ್ಕೆ ಸುತ್ತು ಹಾಕುತ್ತ ಹೋಗುವುದೆಂದು ಅವನ ಯೋಚನೆ. ಮೊದಲು ಮೆಣಸಿನ ಕಡೆ ತಿರುಗಿದ. ತಟ್ಟೆಯನ್ನು ನೆಲಕ್ಕೆ ಸೋಕಿಯೂ ಸೋಕದಂತೆ ಅಡ್ಡಡ್ಡ ಆಡಿಸುತ್ತ ನಡೆದ. ಕಿವಿಯಲ್ಲಿ ಏನೂ ಇಲ್ಲ. ಒಂದು ಕಂಬ ದಾಟಿದ, ಎರಡು ದಾಟಿದ. ಏನೂ ಇಲ್ಲ. ಆ ಸೀಮೆಯ ನೆಲ ಹೆಜ್ಜೆಗೊಂದು ಸಲ ಕಿರುಚುವ ನೆಲ. ಸುಮ್ಮನಿದ್ದರೆ ಮಷೀನೇ ಕೆಟ್ಟಿರಬೇಕು. ಖಾಮ್ ಗೆಳೆಯನ ವಂಶವನ್ನೆಲ್ಲ ಬೈದು, ಸೊಂಟದ ಸನಿಕೆ ತೆಗೆದು ತಟ್ಟೆಯ ಮುಂದೆ ಹಿಡಿದ. ಮಷೀನು ಕಿವಿ ಹರಿಯುವಂತೆ ಕಿರುಚಿತು.

ಮಷೀನು ಚೆನ್ನಾಗಿಯೇ ಇತ್ತು. ನೆಲದಲ್ಲಿ ಏನೂ ಇರಲಿಲ್ಲ.

ಅವನು ಸಾಲಿನ ಕೊನೆಯವರೆಗೂ ಹೋಗಿ ಮುಂದಿನ ಸಾಲಿನಲ್ಲಿ ಬಂದ. ಇನ್ನೂ ಒಂದು ಸಾಲು. ಒಂದು ಮೊಳೆಯಿಲ್ಲ, ಗುಂಡಿನ ಚಿಪ್ಪಿಲ್ಲ. ಸಿಡಿದ ದಿನ ಮೇಲೆ ಬಿದ್ದ ಚೂರನ್ನೂ ಬಿಡದೆ ಯಾರೋ ಈ ನೆಲವನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದ್ದರು. ಮೊದಲು ಅವನಿಗೆ ಖುಷಿಯಾಯಿತು: ಇಷ್ಟು ಚೊಕ್ಕಟ ನೆಲದಲ್ಲಿ ಸದ್ದು ಬಂದರೆ ಅದು ಕಡಗವೇ. ಮಧ್ಯಾಹ್ನದ ಬಿಸಿಲು ಇಳಿಯತೊಡಗುವ ತನಕ ಕಂಬಗಳ ನಡುವೆ ನಡೆದ. ಸದ್ದು ಬರಲಿಲ್ಲ.

ಕೊನೆಗೆ ಮತ್ತೆ ಗುಂಡಿಯ ಬಳಿ ಬಂದು ಮೇಲಿನ ಕಡೆಗೆ ಒಂದು ಹೆಜ್ಜೆ ಇಟ್ಟ. ಮಷೀನು ಕಿರುಚಿತು. ಇನ್ನೊಂದು ಹೆಜ್ಜೆ, ಮತ್ತೆ. ಎಡಕ್ಕೆ, ಬಲಕ್ಕೆ, ಎಲ್ಲಿಟ್ಟರೂ ಕಿರುಚಿತು. ಹಿಂದಕ್ಕೆ ಸರಿದರೆ ಸದ್ದಿಲ್ಲ. ಅವನು ಆ ಅಂಚಿನ ಗುಂಟ ತಟ್ಟೆ ಹಿಡಿದು ನಡೆದ. ಸದ್ದಿಗೂ ಸದ್ದಿಲ್ಲದ್ದಕ್ಕೂ ನಡುವಿನ ಗೆರೆ ಹಗ್ಗ ಕಟ್ಟಿ ಎಳೆದ ಹಾಗೆ ನೇರವಾಗಿತ್ತು. ಬೇಲಿಯ ಕಡೆಯಿಂದ ನೇರವಾಗಿ ಬಂದು, ಗುಂಡಿಯ ಬಳಿ, ಸಾಲು ಅರ್ಧವಾಗಿರುವಾಗಲೇ, ಕಡಿದುಹೋಗಿತ್ತು.

ಹಗ್ಗ ಕಟ್ಟಿ, ಪಟ್ಟಿ ಪಟ್ಟಿಯಾಗಿ, ಒಂದು ಪಟ್ಟಿ ಮುಗಿಯದೆ ಇನ್ನೊಂದಕ್ಕೆ ಕಾಲಿಡದೆ ಕೆಲಸ ಮಾಡುತ್ತಿದ್ದವನು ಒಬ್ಬನೇ. ಹಗ್ಗದ ಇನ್ನೊಂದು ತುದಿ ಹಿಡಿದು ಎಷ್ಟೋ ವರ್ಷ ಖಾಮ್ ನಿಂತಿದ್ದ.

ಬೇಲಿ ನುಸುಳಿ ಬಂದ ಕಳ್ಳ ಒಂದು ಗುಂಡಿ ತೋಡಿ ಸಿಕ್ಕಿದ್ದು ಎತ್ತಿಕೊಂಡು ಓಡುತ್ತಾನೆ. ಅರ್ಧ ತೋಟವನ್ನು ಹೀಗೆ ಆರಿಸಬೇಕಾದರೆ ದಿನಗಟ್ಟಲೆ, ಹಾಡುಹಗಲು, ಮನೆಯವರ ಕಣ್ಣೆದುರು ಬಗ್ಗಿ ಎದ್ದು ಮಾಡಬೇಕು. ಖಾಮ್ ತಲೆಯೆತ್ತಿ ನೋಡಿದ. ಬೆಳಿಗ್ಗೆಯಿಂದ ಎದುರಿಗೇ ನಿಂತಿದ್ದ ಕಂಬಗಳು ಆಗ ಅವನಿಗೆ ಕಂಡವು. ಕಂಬ ಸಾಲದೆ ಬಂದದ್ದಲ್ಲ. ಮೆಣಸಿನ ಸಾಲುಗಳು ಆ ಗೆರೆಯ ತನಕ ಬಂದು ನಿಂತಿದ್ದವು. ಒಂದೇ ಒಂದು ಕಂಬ ಗೆರೆಯಾಚೆ ಇರಲಿಲ್ಲ. ಕೊನೆಯ ಸಾಲು ಅರ್ಧ ಸಾಲು. ದ್ವಾಯ್ ಎಲ್ಲಿ ನಿಂತನೋ ಅಲ್ಲಿಗೇ ನಿಂತಿತ್ತು. ತನಗೆ ಗೊತ್ತೇ ಇಲ್ಲ ಅಂದವನು ಅಣ್ಣನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಕಂಬ ನೆಟ್ಟಿದ್ದ.

ಖಾಮ್ ಕಿವಿಯಿಂದ ಹೆಡ್‌ಫೋನು ಕಿತ್ತು ಕೊರಳಿಗೆ ಹಾಕಿಕೊಂಡ.  ಆಗಲೇ ಥೀ ಚಹಾದ ಚೆಂಬು, ಬೇಯಿಸಿದ ಗೆಣಸು ತಂದು ಬೇಲಿಯ ಬಳಿ ನಿಂತು ಕರೆದಳು. ಅವನು ಹೋಗಿ ಚಹಾ ಕುಡಿದ. ಗೆಣಸು ಮುಟ್ಟಲಿಲ್ಲ.

"ತಿನ್ನಪ್ಪಾ. ನಿಮ್ಮಣ್ಣ ಸಿಪ್ಪೆನೂ ಬಿಡ್ತಿರ್ಲಿಲ್ಲ," ಅಂದಳು ಥೀ.

ಅಂದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು.  ಖಾಮ್ ಕಿರುಚಲಿಲ್ಲ, ಇಷ್ಟು ದಿನ ಕೂಡಿಟ್ಟ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಅವನ ದನಿ ಕೂಸಿನ ದನಿಯಂತಿತ್ತು.

"ದಿನಾ ಬರ್ತಿದ್ನಾ ಅತ್ತೆ?"

"ಇವರೇ ಕರ್ಕೊಂಡ್ ಬಂದಿದ್ದು," ಅಂದಳು ಥೀ ಕೆಳಗೆ ನೋಡುತ್ತ. "ಕಂಬ ನೆಡ್ಬೇಕಿತ್ತು. ಗುದ್ದಲಿ ಹಾಕಕ್ಕೆ ಹೆದ್ರಿಕೆ. ನಿಮ್ಮಣ್ಣ ಬೇಡ ಅನ್ನೋನಲ್ಲ, ಪಾಪ. ಮಧ್ಯಾಹ್ನ ಇಲ್ಲೇ ಕೂತು ಉಣ್ತಿದ್ದ."

ಸಂಜೆ ಮೈಕ್ ಹಾಕುವ ಮುಂಚೆ ಬಂದು ಇಷ್ಟನ್ನು ಲಿಯೆಮನ ಮುಂದೆ ಹೇಳಿ, ನೀವೊಬ್ಬರು ಹೇಳಿದರೆ ಸಾಕು ಎಂದು ಖಾಮ್ ಬೇಲಿಯ ಮುಳ್ಳು ಹಿಡಿದುಕೊಂಡು ಕೇಳಿದ. ನನ್ನ ಗಂಡನನ್ನು ಒಯ್ಯುತ್ತಾರಪ್ಪ ಅಂದಳು ಅವಳು. ಆಮೇಲೆ ಎಷ್ಟು ಕೇಳಿದರೂ ಅದನ್ನೇ ಅಂದಳು. ಗೆಣಸನ್ನು ಬೇಲಿಯ ಗೂಟದ ಮೇಲಿಟ್ಟು, ಸೆರಗಿಲ್ಲದ ರವಿಕೆಯ ತುದಿಯಿಂದಲೇ ಕಣ್ಣು ಒರೆಸುತ್ತ ಒಳಗೆ ಹೋದಳು.

ಹೊತ್ತು ದಿಬ್ಬದ ಮೇಲೆ ಇನ್ನೂ ಎರಡು ಮಾರು ಇತ್ತು. ಕಿರುಚುವ ಅರ್ಧ ತೋಟ ಹಾಗೇ ಬಿದ್ದಿತ್ತು. ಕಡಗ ಇದ್ದರೆ ಅಲ್ಲೇ ಇರಬೇಕು. ಸಾವಿರ ಕಬ್ಬಿಣದ ಚೂರಿನ ನಡುವೆ ಒಂದು ಬೆಳ್ಳಿ. ಒಂದೊಂದನ್ನೂ ಅಗೆದು ನೋಡದೆ ತಿಳಿಯುವಂತಿಲ್ಲ. ಕತ್ತಲಾಗುವ ತನಕ ಅಗೆದರೆ ಸಿಕ್ಕರೂ ಸಿಕ್ಕೀತು. ಅಷ್ಟರಲ್ಲಿ ಮೈಕಿನ ಹೊತ್ತು ದಾಟುತ್ತದೆ. ಓಡಿದರೆ ಮೈಕು ನಿಲ್ಲಿಸಬಹುದು. ಆದರೆ ಮಾತು ಹಿಂದಕ್ಕೆ ತಗೊಂಡವನಿಗೆ ಕ್ವಿನ್ ಈ ಬೇಲಿ ಇನ್ನೊಮ್ಮೆ ತೆರೆಯುವುದಿಲ್ಲ. ಅವ್ವ ಕಳಿಸಿದ್ದು ಕೈ ತರಲು.

ಖಾಮ್ ಗುಂಡಿಯ ಕಡೆ ನೋಡಿದ, ಕಂಬಗಳ ಕಡೆ ನೋಡಿದ. ಮಷೀನನ್ನು ಅಲ್ಲೇ ಹುಲ್ಲಿನಲ್ಲಿ ಬಿಟ್ಟು ಓಡಿದ.

ಮರಗೆಣಸಿನ ಹೊಲ ದಾಟುವಾಗ ತುತ್ತೂರಿಗಳು ಕೆಮ್ಮಿದವು. ಮೊದಲು ನೀರಿನ ಸರದಿ. ಆಮೇಲೆ ಹಂದಿಗಳಿಗೆ ಸೂಜಿ ಹಾಕುವವರು ಬರುತ್ತಾರೆಂಬುದು. ಖಾಮ್ ಚಪ್ಪಲಿ ಕಳಚಿ ಎಸೆದು ಗದ್ದೆಯ ಬದುವಿನ ಮೇಲೆ ಓಡಿದ. ಕೆಳಮನೆಯವರ ಎಮ್ಮೆಯೊಂದು ತಪ್ಪಿಸಿಕೊಂಡಿದೆ, ಕಂಡವರು ಕಟ್ಟಿಹಾಕಿ. ಆಮೇಲೆ ಲಿಯೆಮನ ದನಿ ಒಂದು ಗಳಿಗೆ ನಿಂತು, ಸತ್ತ ದ್ವಾಯನ ತಮ್ಮ ಖಾಮ್ ಹಿರಿಯರ ಮುಂದೆ ಹೀಗೆಂದು ಹೇಳಿದ್ದಾನೆ ಎಂದು ಶುರುಮಾಡಿತು. ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರು ನೆಟ್ಟಗಾಗಿ ಕೇಳಿಸಿಕೊಂಡರು. ಕೆರೆಯ ದಂಡೆಯಲ್ಲಿ ಬಾತುಕೋಳಿ ಅಟ್ಟುತ್ತಿದ್ದವನು ಓಡುತ್ತಿದ್ದ ಖಾಮನನ್ನು ನೋಡಿ ದಾರಿ ಬಿಟ್ಟ. ಸಾರುವುದು ಮುಗಿದು ಹಾಡು ಹಾಕಿದರು. ಖಾಮ್ ಆದರೂ ಓಡುತ್ತಲೇ ಇದ್ದ.

ಲಿಯೆಮ್ ಜಗಲಿಯ ಮೇಲೆ ಮೈಕಿನ ತಂತಿ ಸುತ್ತುತ್ತಿದ್ದ. ಖಾಮ್ ಏದುಸಿರಿನಲ್ಲೇ ಎಲ್ಲ ಹೇಳಿದ: ಸದ್ದಿಲ್ಲದ ಅರ್ಧ, ಗೆರೆ, ಗೆರೆಗೆ ನಿಂತ ಕಂಬ. ನಡೆಯಿರಿ, ಈಗಲೇ ಬಂದು ಕಣ್ಣಾರೆ ನೋಡಿ, ನೋಡಿದ ಮೇಲೆ ಇನ್ನೊಮ್ಮೆ ಮೈಕು ಹಾಕಿ ಅಂದ. ಲಿಯೆಮ್ ತಂತಿ ಸುತ್ತುವುದು ನಿಲ್ಲಿಸಿದ. ಮುದುಕರು ಚಹಾದ ಬಟ್ಟಲಿನ ತಳ ನೋಡಿದರು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಅದನ್ನು ಕಂಡಾಗ ಖಾಮನಿಗೆ ತಿಳಿಯಿತು, ಈ ಜಗಲಿಯ ಮೇಲೆ ಗೊತ್ತಿಲ್ಲದೆ ಇದ್ದವನು ತಾನೊಬ್ಬನೇ.

"ಕಂಬ ಎಲ್ಲಿ ನೆಡೋದು ಅನ್ನೋದು ತೋಟದವನಿಷ್ಟ ಕಣಪ್ಪ," ಅಂದ ಲಿಯೆಮ್ ಕೊನೆಗೆ. "ನೀನು ಹೇಳಿದ್ದನ್ನ ನಾನು ಹೇಳ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು ಅಂದ್ರೆ ಊರು ನಗ್ತದೆ. ಹೋಗು, ಅವ್ವ ಕಾಯ್ತಿರ್ತಾಳೆ."

ಅವನು ಮತ್ತೆ ತೋಟಕ್ಕೆ ಬಂದಾಗ ಹೊತ್ತು ಮುಳುಗಿತ್ತು. ಎರವಲು ಮಷೀನನ್ನು ಯಾರೋ ಬೇಲಿಯ ಹೊರಗೆ ತಂದು ಜೋಪಾನವಾಗಿ ಒರಗಿಸಿದ್ದರು. ಒಳಗೆ ಹೋಗುವ ಜಾಗಕ್ಕೆ ಹೊಸ ಮುಳ್ಳು ಕಡಿದು ತುಂಬಿದ್ದರು.

ಅವ್ವ ಒಲೆಯ ಮುಂದೆ ಕೂತಿದ್ದಳು. ಬೆಂಕಿ ಹಚ್ಚಿರಲಿಲ್ಲ.

"ಸಿಕ್ತಾ?" ಅಂದಳು.

"ಇಲ್ಲ."

"ಮೈಕಲ್ಲಿ ಹೇಳಿದ್ದು ನಿನ್ ಮಾತಾ?"

"ಹೂಂ."

ಅವಳು ಬೈಯಲಿಲ್ಲ. ಬೈದಿದ್ದರೆ ಖಾಮ್ ತಿರುಗಿ ಬೈಯುತ್ತಿದ್ದ, ನಿನ್ನ ಕನಸಿನಿಂದಲೇ ಇಷ್ಟೆಲ್ಲ ಆಯಿತು ಎನ್ನುತ್ತಿದ್ದ, ಎದೆ ಹಗುರಾಗುತ್ತಿತ್ತು.  ಅವನು ಗೋಡೆಗೆ ಒರಗಿ ಕುಸಿದು, ಸದ್ದಿಲ್ಲದ ನೆಲದ ಮಾತು, ನೇರ ಗೆರೆಯ ಮಾತು, ಥೀ ಬಾಯಿ ತಪ್ಪಿ ಆಡಿದ ಮಾತು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅಳುವುದಕ್ಕೆ ತೊಡಗಿದ. ಅವ್ವ ಎಲ್ಲ ಕೇಳಿ, ದ್ವಾಯ್ ಮಧ್ಯಾಹ್ನ ಅಲ್ಲೇ ಕೂತು ಉಣ್ಣುತ್ತಿದ್ದನಂತೆಯೇ ಎಂದು ಅದೊಂದನ್ನೇ ಎರಡು ಸಲ ಕೇಳಿದಳು.

ಬೆಳಿಗ್ಗೆ ಖಾಮ್ ಎದ್ದಾಗ ಅವ್ವ ತಲೆ ಬಾಚಿ, ಹಬ್ಬಕ್ಕೆ ಉಡುವ ಕಂದು ಅಂಗಿ ಹಾಕಿಕೊಂಡು ಹೊರಟು ನಿಂತಿದ್ದಳು. ಅವನು ಏನೂ ಕೇಳದೆ ಹಿಂದೆ ನಡೆದ. ದಾರಿಯಲ್ಲಿ ಎದುರಾದವರು ಮುಖ ಪಕ್ಕಕ್ಕೆ ಮಾಡಿದರು. ಅವಳು ಯಾರನ್ನೂ ನೋಡಲಿಲ್ಲ. ಕ್ವಿನ್ನನ ಮನೆಯ ಪಕ್ಕದಿಂದ ಇಳಿದು ಬೇಲಿಯ ಬಳಿ ಬಂದು ನಿಂತಳು. ಗುಂಡಿ ಇರುವ ಜಾಗ ಯಾವುದೆಂದು ಕೇಳಿದಳು. ಖಾಮ್ ತೋರಿಸಿದ. ಕಂಬಗಳ ಸಾಲನ್ನು ಅವಳು ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅಳೆದಳು, ಸಾಲು ಅರ್ಧಕ್ಕೆ ನಿಂತಲ್ಲಿ ಕಣ್ಣು ನಿಲ್ಲಿಸಿದಳು.

"ಎಷ್ಟು ನೇರಕ್ಕದೆ ನೋಡು," ಅಂದಳು.

ಖಾಮನಿಗೆ ಅಷ್ಟೇ ಸಾಕಾಯಿತು. ಮುಳ್ಳಿನ ಕಂತೆಗೆ ಕೈಹಾಕಿ ಎಳೆದ. ಒಂದೊಂದು ಕಂಬವನ್ನೂ ಕಿತ್ತು, ಬಳ್ಳಿಯನ್ನೆಲ್ಲ ತರಿದು, ಬೇಕಾದರೆ ಆ ಕಿರುಚುವ ಅರ್ಧದ ಮೇಲೆ ಕುಣಿದು ತಾನೂ ಸಿಡಿದುಹೋಗುವುದೆಂದು ಅವನ ಕೈಗಳು ಹೇಳುತ್ತಿದ್ದವು. ಅಂಗೈಯಿಂದ ರಕ್ತ ಇಳಿಯಿತು. ಅವ್ವ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು. ಅವಳ ಕೈಯಲ್ಲಿ ಅಷ್ಟು ಬಲವಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಬಿಡು. ಮುಚ್ಚು ಅದನ್ನ," ಅಂದಳು. "ನಮ್ಮನೇಲಿ ಯಾರೂ ಇನ್ನೊಬ್ರ ತೋಟಕ್ಕೆ ಕೇಳದೆ ಕಾಲಿಟ್ಟೋರಲ್ಲ."

ಅವನು ಎಳೆದ ಮುಳ್ಳನ್ನು ಅವಳೇ ಬಗ್ಗಿ ಮತ್ತೆ ಸಂದಿಗೆ ಸೇರಿಸಿದಳು. ಆಮೇಲೆ ಮನೆಯ ಕಡೆ ತಿರುಗಿ, ನೆರೆಮನೆಗೆ ಉಪ್ಪು ಕೇಳಲು ಬಂದವಳ ದನಿಯಲ್ಲಿ ಕರೆದಳು.

"ಥೀ... ತಂಗೀ, ಒಳಗೆ ಬರ್ಲೇನವ್ವಾ?"

ಹಿತ್ತಿಲಲ್ಲಿ ಅಕ್ಕಿ ಕುಟ್ಟುತ್ತಿದ್ದ ಒನಕೆಯ ಸದ್ದು ನಿಂತಿತು. ಕಿಟಕಿಯ ಬಿದಿರಿನ ತಟ್ಟಿ ಒಳಗಿನಿಂದ ಮೆಲ್ಲಗೆ ಮುಚ್ಚಿಕೊಂಡಿತು.  ಬಿಸಿಲು ಏರಿತು. ಒಣಗಾಳಿ ಎದ್ದು ಮೆಣಸಿನ ಎಲೆಗಳನ್ನು ಅಲುಗಾಡಿಸತೊಡಗಿತು. ಸಾಕು, ಮನೆಗೆ ಹೋಗೋಣ ಎಂದು ಖಾಮ್ ಅವಳ ತೋಳು ಮುಟ್ಟಿದ. ಅವಳು ಅಲುಗಲಿಲ್ಲ. ಬೇಲಿಯ ಈಚೆಗೆ, ಮುಳ್ಳಿಗೆ ಅಂಗಿ ಸೋಕದಷ್ಟು ದೂರದಲ್ಲಿ ನಿಂತು, ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದಳು.